ಡಿಸ್ನಿಲ್ಯಾಂಡ್‌ನಲ್ಲಿ ನಿಜವಾಗಿ ಕುಸಿದಿರುವುದು ಯಾವುದು?

ಮಾನ್ಯ ಸಂಪಾದಕರೇ,

ಕ್ಯಾಲಿಫೋರ್ನಿಯಾದ ಅನಹೈಮ್ ನಗರದಲ್ಲಿರುವ ಮನರಂಜನಾ ಉದ್ಯಾನ ಡಿಸ್ನಿಲ್ಯಾಂಡ್‌ಗೆ 2025ರ ಜುಲೈ 17ರಂದು ಎಪ್ಪತ್ತು ವರ್ಷ ತುಂಬಿತು. ಆ ನೆಪದಲ್ಲಿ ಬಂದ ಬರಹಗಳಲ್ಲಿಯೂ ಅಲ್ಲಿಗೆ ಹೋಗಿಬಂದವರ ಮಾತುಗಳಲ್ಲಿಯೂ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ: ಡಿಸ್ನಿಲ್ಯಾಂಡ್ ಮೊದಲಿನಂತೆ ಉಳಿದಿಲ್ಲ, ಅದರ ಗುಣಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಆ ಉದ್ಯಾನವನ್ನು ಮನಸಾರೆ ಮೆಚ್ಚಿಕೊಂಡವರಲ್ಲಿ ನಾನೂ ಒಬ್ಬನಾದ್ದರಿಂದ ಈ ದೂರನ್ನು ಹಗುರವಾಗಿ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಆದರೆ ಈ ಮಾತನ್ನು ಆಡುವವರು ಹಲವು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಅದರಿಂದಾಗಿ ನಿಜವಾಗಿ ಕುಸಿದಿರುವುದು ಯಾವುದೋ ಅದು ಕಣ್ಣಿಗೆ ಬೀಳದೆ ಹೋಗುತ್ತಿದೆ. ಆ ಗಂಟನ್ನು ಸ್ವಲ್ಪ ಬಿಡಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, 'ಮೊದಲಿನಂತೆ' ಎಂಬ ಮಾತು ಯಾವ ಕಾಲವನ್ನು ಕುರಿತದ್ದು ಎಂದು ಕೇಳಬೇಕಾಗುತ್ತದೆ. ಆರಂಭದ ದಿನವನ್ನೇ ನೋಡಿದರೆ, 1955ರ ಆ ಭಾನುವಾರ ಆಹ್ವಾನವಿಲ್ಲದ ಸಾವಿರಾರು ಜನ ನಕಲಿ ಟಿಕೆಟ್ ಹಿಡಿದು ಒಳಗೆ ಬಂದಿದ್ದರು. ಹೊಸದಾಗಿ ಹಾಕಿದ್ದ ಡಾಂಬರು ಬಿಸಿಲಿಗೆ ಮೆತ್ತಗಾಗಿ, ಹೆಂಗಸರ ಎತ್ತರದ ಹಿಮ್ಮಡಿಯ ಚಪ್ಪಲಿಗಳು ಅದರಲ್ಲಿ ಹೂತುಕೊಳ್ಳುತ್ತಿದ್ದವು. ಕೊಳಾಯಿ ಕೆಲಸಗಾರರ ಮುಷ್ಕರದ ಕಾರಣ ಶೌಚಾಲಯಗಳಿಗೋ ಕುಡಿಯುವ ನೀರಿನ ನಲ್ಲಿಗಳಿಗೋ ಯಾವುದಾದರೂ ಒಂದಕ್ಕೆ ಮಾತ್ರ ಸಿದ್ಧತೆ ಸಾಧ್ಯವಾಗಿ, ಸುಡುಬಿಸಿಲಿನಲ್ಲಿ ಜನ ನೀರಿಲ್ಲದೆ ಪರದಾಡಿದರು. ದೂರದರ್ಶನದಲ್ಲಿ ದೇಶವಿಡೀ ನೇರವಾಗಿ ನೋಡಿದ ದಿನ ಅದು. ಒಂದು ವರ್ಷದ ಅವಸರದಲ್ಲಿ, ಕಿತ್ತಳೆ ತೋಟಗಳಿದ್ದ ಜಾಗದಲ್ಲಿ ಎದ್ದುನಿಂತ ಉದ್ಯಾನ ಮೊದಲ ದಿನವೇ ಪರಿಪೂರ್ಣವಾಗಿರಲು ಸಾಧ್ಯವೂ ಇರಲಿಲ್ಲ. ಇಂದು ನಾವು ಅದರ ಹೆಗ್ಗುರುತುಗಳೆಂದು ಭಾವಿಸುವ ಸವಾರಿಗಳಲ್ಲಿ ಮ್ಯಾಟರ್‌ಹಾರ್ನ್ ಬಂದದ್ದು 1959ರಲ್ಲಿ. ಪೈರೇಟ್ಸ್ ಆಫ್ ದಿ ಕ್ಯಾರಿಬಿಯನ್ ತೆರೆದದ್ದು 1967ರಲ್ಲಿ, ಅಂದರೆ ಉದ್ಯಾನವನ್ನು ಕಟ್ಟಿಸಿದ ವಾಲ್ಟ್ ಡಿಸ್ನಿಯವರು ತೀರಿಕೊಂಡ ಕೆಲವು ತಿಂಗಳ ನಂತರ. ಹಾಂಟೆಡ್ ಮ್ಯಾನ್ಶನ್ 1969ರಲ್ಲಿ. ಎಲ್ಲವೂ ಸರಿಯಾಗಿದ್ದ ಒಂದು ಸುವರ್ಣಕಾಲವನ್ನು ಗೋಡೆಗೆ ತೂಗುಹಾಕಿ, ಇಂದಿನ ಪ್ರತಿಯೊಂದು ಕೊರತೆಯನ್ನೂ ಅದರೊಂದಿಗೆ ಹೋಲಿಸುವುದು ನ್ಯಾಯವಲ್ಲ.

ಬದಲಾವಣೆಯನ್ನೇ ಕುಸಿತವೆಂದು ಕರೆಯುವ ಅಭ್ಯಾಸವೂ ಇದೇ ಬಗೆಯದು. 2023ರ ಮೇ ತಿಂಗಳಲ್ಲಿ ಸ್ಪ್ಲಾಶ್ ಮೌಂಟನ್ ಎಂಬ ದೋಣಿ ಸವಾರಿಯನ್ನು ಮುಚ್ಚಿ, ಮರುವರ್ಷದ ನವೆಂಬರ್‌ನಲ್ಲಿ ಅದೇ ಕಾಲುವೆಯಲ್ಲಿ ಬೇರೊಂದು ಕಥೆಯ ದೋಣಿಗಳು ತೇಲತೊಡಗಿದಾಗ ಬಹಳ ಜನ ನೊಂದರು. ಬಾಲ್ಯದ ಒಂದು ನೆನಪು ಕಳೆದುಹೋದಾಗ ನೋವಾಗುವುದು ಸಹಜ. ಆದರೆ 1989ರಲ್ಲಿ ತೆರೆದ ಸ್ಪ್ಲಾಶ್ ಮೌಂಟನ್‌ನೊಳಗೆ ಹಾಡುತ್ತಿದ್ದ ಯಂತ್ರಪ್ರಾಣಿಗಳಲ್ಲಿ ಬಹುಪಾಲು ಅದಕ್ಕೂ ಹಿಂದಿನ ಅಮೆರಿಕ ಸಿಂಗ್ಸ್ ಎಂಬ ಪ್ರದರ್ಶನವನ್ನು 1988ರಲ್ಲಿ ಮುಚ್ಚಿ ತಂದವು. ಆ ಪ್ರದರ್ಶನವನ್ನು ಪ್ರೀತಿಸಿದವರೂ ಅಂದು ಇದೇ ಮಾತು ಆಡಿರಬಹುದು. ಯಾವ ಕಥೆ ಇರಬೇಕು, ಯಾವುದು ಹೋಗಬೇಕು ಎಂಬುದು ಅಭಿರುಚಿಗೆ ಸೇರಿದ ಪ್ರಶ್ನೆ. ಗುಣಮಟ್ಟದ ಪ್ರಶ್ನೆ ಬೇರೆ.

ಹಾಗಾದರೆ ನಿಜವಾದ ಕುಸಿತ ಹೇಗಿರುತ್ತದೆ? ಅದು ಇದೇ ಡಿಸ್ನಿಲ್ಯಾಂಡ್‌ನ ಚರಿತ್ರೆಯಲ್ಲಿ ದಾಖಲಾಗಿದೆ, ಮತ್ತು ಈಗಿನ ಚರ್ಚೆಯಲ್ಲಿ ಅದನ್ನು ನೆನಪಿಸುವವರು ಕಡಿಮೆ. 1990ರ ದಶಕದ ಕೊನೆಯ ವರ್ಷಗಳಲ್ಲಿ ಉದ್ಯಾನದ ಆಡಳಿತ ಖರ್ಚು ಕಡಿತಕ್ಕೆ ಇಳಿದಿತ್ತು. 1998ರ ಕ್ರಿಸ್‌ಮಸ್‌ನ ಹಿಂದಿನ ದಿನ, ಉದ್ಯಾನದೊಳಗೆ ಜನರನ್ನು ಒಯ್ಯುವ ಕೊಲಂಬಿಯಾ ಎಂಬ ಹಾಯಿಹಡಗನ್ನು ದಡಕ್ಕೆ ಕಟ್ಟುವಾಗ ಹಗ್ಗದ ಎಳೆತಕ್ಕೆ ಹಡಗಿನ ಲೋಹದ ಕೊಂಡಿ ಕಿತ್ತುಬಂದು ಜನರ ಮೇಲೆ ಬಡಿಯಿತು. ಸಂದರ್ಶಕರೊಬ್ಬರು ಪ್ರಾಣ ಕಳೆದುಕೊಂಡರು. ಅದುವರೆಗೆ ಕ್ಯಾಲಿಫೋರ್ನಿಯಾದಲ್ಲಿ ಊರಿಂದೂರಿಗೆ ಹೋಗುವ ಜಾತ್ರೆಯ ಸವಾರಿಗಳಿಗೆ ಇದ್ದ ಸರ್ಕಾರಿ ತಪಾಸಣೆ ಇಂಥ ಶಾಶ್ವತ ಉದ್ಯಾನಗಳ ಸವಾರಿಗಳಿಗೆ ಇರಲಿಲ್ಲ. ಈ ಸಾವಿನ ನಂತರ, 1999ರಲ್ಲಿ, ಅದಕ್ಕಾಗಿ ಕಾನೂನು ಬಂತು. ಆದರೂ 2003ರ ಸೆಪ್ಟೆಂಬರ್ 5ರಂದು ಬಿಗ್ ಥಂಡರ್ ಮೌಂಟನ್ ಸವಾರಿಯ ರೈಲು ಹಳಿ ತಪ್ಪಿ ಇಪ್ಪತ್ತೆರಡು ವರ್ಷದ ಯುವಕನೊಬ್ಬ ಸತ್ತ, ಹಲವರು ಗಾಯಗೊಂಡರು. ಎಂಜಿನ್ನಿನ ಚಕ್ರಗಳ ಭಾಗವೊಂದು ಸಡಿಲಗೊಂಡು ಕಳಚಿದ್ದೇ ಅಪಘಾತಕ್ಕೆ ಕಾರಣವೆಂದೂ, ನಿರ್ವಹಣೆಯ ಕೆಲಸ ಸರಿಯಾಗಿ ನಡೆದಿರಲಿಲ್ಲವೆಂದೂ ರಾಜ್ಯದ ತನಿಖೆ ಹೇಳಿತು. ಇದನ್ನು ಕುಸಿತ ಎನ್ನಬೇಕು. ಇಲ್ಲಿ ಯಾರ ಅಭಿರುಚಿಯ ಮಾತೂ ಇಲ್ಲ, ಯಾರ ಬಾಲ್ಯದ ನೆನಪೂ ಇಲ್ಲ. ಬಿಗಿಯಾಗಿರಬೇಕಾದ ಬೋಲ್ಟುಗಳು ಬಿಗಿಯಾಗಿರಲಿಲ್ಲ.

ಆ ಕಾಲದ್ದೇ ಇನ್ನೊಂದು ಗುರುತು 2001ರ ಫೆಬ್ರವರಿಯಲ್ಲಿ ಪಕ್ಕದಲ್ಲೇ ತೆರೆದ ಎರಡನೆಯ ಉದ್ಯಾನ, ಕ್ಯಾಲಿಫೋರ್ನಿಯಾ ಅಡ್ವೆಂಚರ್. ಕೈ ಬಿಗಿಹಿಡಿದು ಕಟ್ಟಿದ ಅದನ್ನು ಜನ ಮೆಚ್ಚಲಿಲ್ಲ, ನಿರೀಕ್ಷಿಸಿದಷ್ಟು ಬರಲೂ ಇಲ್ಲ. ಕೊನೆಗೆ ಡಿಸ್ನಿ ಸಂಸ್ಥೆ ನೂರು ಕೋಟಿ ಡಾಲರ್‌ಗೂ ಹೆಚ್ಚು ಸುರಿದು 2012ರ ಹೊತ್ತಿಗೆ ಅದನ್ನು ಬಹುಮಟ್ಟಿಗೆ ಹೊಸದಾಗಿ ರೂಪಿಸಬೇಕಾಯಿತು. ಹಳೆಯ ಉದ್ಯಾನವೂ ಚೇತರಿಸಿಕೊಂಡಿತು. 2005ರ ಐವತ್ತನೆಯ ವರ್ಷಕ್ಕೆ ಮುಂಚೆ ಅದರ ಆಡಳಿತ ಬದಲಾಗಿ, ಬಣ್ಣ ಕಳಚಿದ ಗೋಡೆಗಳಿಗೆ ಮತ್ತೆ ಬಣ್ಣ ಬಂತು. ಸ್ಪೇಸ್ ಮೌಂಟನ್ ಸವಾರಿಯ ಹಳಿಯನ್ನೇ ಕಿತ್ತು ಹೊಸದನ್ನು ಹಾಕಿದರು. 1998ರಿಂದ ಬರಿದಾಗಿದ್ದ ಜಲಾಂತರ್ಗಾಮಿ ಸವಾರಿಯ ಕೊಳಕ್ಕೆ 2007ರಲ್ಲಿ ಮತ್ತೆ ಜೀವ ಬಂತು. ಈ ಚರಿತ್ರೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಕುಸಿತ ಎಂಬುದು ಒಮ್ಮೆ ಶುರುವಾದರೆ ಕೊನೆಯವರೆಗೂ ಸಾಗುವ ಇಳಿಜಾರಲ್ಲ. ಅದಕ್ಕೆ ಗೊತ್ತಾದ ಕಾರಣಗಳಿರುತ್ತವೆ, ಆ ಕಾರಣಗಳನ್ನು ಹೆಸರಿಟ್ಟು ಹೇಳಿದರೆ ಸರಿಪಡಿಸಲೂ ಬರುತ್ತದೆ.

ಈ ಅಳತೆಗೋಲಿನಿಂದ ಇಂದಿನ ಡಿಸ್ನಿಲ್ಯಾಂಡನ್ನು ನೋಡಿದಾಗ, ನಿರ್ವಹಣೆಯ ವಿಷಯದಲ್ಲಿ ಅದು 2003ರ ಸ್ಥಿತಿಗೆ ಮರಳಿದೆ ಎನ್ನಲು ನನಗೆ ಆಧಾರ ಕಾಣುವುದಿಲ್ಲ. ಲೋಪಗಳಿಲ್ಲ ಎಂದು ಇದರ ಅರ್ಥವಲ್ಲ. 2023ರ ಏಪ್ರಿಲ್ 22ರ ರಾತ್ರಿ ಫ್ಯಾಂಟಾಸ್ಮಿಕ್ ಪ್ರದರ್ಶನದ ನಡುವೆ ಬೃಹತ್ ಡ್ರ್ಯಾಗನ್ ಯಂತ್ರಕ್ಕೆ ಬೆಂಕಿ ಹತ್ತಿ ಉರಿದುಹೋಯಿತು. ವರ್ಷದ ನಂತರ ಪ್ರದರ್ಶನ ಮರಳಿದಾಗ ಡ್ರ್ಯಾಗನ್ ಇರಲಿಲ್ಲ. 2020ರ ಜನವರಿಯಲ್ಲಿ ತೆರೆದ ರೈಸ್ ಆಫ್ ದಿ ರೆಸಿಸ್ಟೆನ್ಸ್ ಎಂಬ ಸವಾರಿ ಆಗಾಗ ನಿಂತುಹೋಗುವುದಕ್ಕೆ ಹೆಸರಾಗಿದೆ. ಆದರೆ ಆ ಸವಾರಿಯ ರಚನೆಯನ್ನು ತಿಳಿದವರಿಗೆ ಅದರಲ್ಲಿ ಆಶ್ಚರ್ಯವಿಲ್ಲ: ಹಳಿಯಿಲ್ಲದೆ ಓಡುವ ವಾಹನಗಳು, ಅಲುಗಾಡುವ ಕೋಣೆ, ಕೆಳಕ್ಕೆ ಬೀಳುವ ಯಂತ್ರ, ಇವೆಲ್ಲ ಒಂದೇ ಸವಾರಿಯಲ್ಲಿ ಒಂದರ ಹಿಂದೊಂದು ಜೋಡಣೆಯಾಗಿವೆ, ಯಾವುದೊಂದು ತಪ್ಪಿದರೂ ಉಳಿದವೆಲ್ಲ ಕಾಯಬೇಕು. ಇಂಥದ್ದನ್ನು ಕಟ್ಟುವ ಕೈಗಳು ಇಂದಿಗೂ ಅಲ್ಲಿವೆ ಎಂಬುದೇ ಕುಶಲತೆ ಕುಂದಿಲ್ಲ ಎನ್ನುವುದಕ್ಕೆ ನನಗೆ ಸಾಕ್ಷಿ. ನನ್ನ ಆತಂಕ ಇರುವುದು ಅದನ್ನು ದಿನದಿನವೂ ನಡೆಸುವವರ ಬಗ್ಗೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 14ರಿಂದ 2021ರ ಏಪ್ರಿಲ್ 30ರವರೆಗೆ ಉದ್ಯಾನ ಮುಚ್ಚಿತ್ತು. ಆ ನಡುವೆ ಸಂಸ್ಥೆ ಅಮೆರಿಕದ ತನ್ನ ಉದ್ಯಾನಗಳ ವಿಭಾಗದಲ್ಲಿ 28,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಘೋಷಿಸಿತು. ವರ್ಷಗಟ್ಟಲೆ ದುಡಿದು ಕೈ ಪಳಗಿದ ನೌಕರ ಒಮ್ಮೆ ಹೋದರೆ, ಅವನ ಜಾಗ ತುಂಬಬಹುದು, ಅವನ ಅನುಭವವನ್ನು ತುಂಬಲಾಗುವುದಿಲ್ಲ. 2024ರಲ್ಲಿ ಅನಹೈಮ್‌ನ ಸಾವಿರಾರು ನೌಕರರು ವೇತನದ ಪ್ರಶ್ನೆಯಲ್ಲಿ ಮುಷ್ಕರಕ್ಕೆ ಒಪ್ಪಿಗೆಯ ಮತ ಹಾಕಿದ ನಂತರವೇ ಒಪ್ಪಂದ ಕುದುರಿತು. ನಗುಮುಖವನ್ನೇ ಬಂಡವಾಳ ಮಾಡಿಕೊಂಡ ಸಂಸ್ಥೆ ಆ ಮುಖದ ಹಿಂದಿನ ಬದುಕನ್ನು ನೋಡಿಕೊಳ್ಳದಿದ್ದರೆ ಅದು ಬೇಗನೆ ಗೊತ್ತಾಗುತ್ತದೆ.

ಇನ್ನು ಬೆಲೆ. 2015ರಲ್ಲಿ ಒಂದು ದಿನದ ಪ್ರವೇಶಕ್ಕೆ 99 ಡಾಲರ್ ಇತ್ತು. 2016ರಿಂದ ದಿನದ ಬೇಡಿಕೆಗೆ ತಕ್ಕಂತೆ ಬೇರೆ ಬೇರೆ ದರ ಬಂದು, 2024ರ ಅಕ್ಟೋಬರ್‌ನಲ್ಲಿ ಅತಿ ದಟ್ಟಣೆಯ ದಿನಗಳ ಟಿಕೆಟ್ 206 ಡಾಲರ್‌ಗೆ ಏರಿತು. ಅತಿ ಕಡಿಮೆ ದರ ಮಾತ್ರ 104 ಡಾಲರ್‌ನಲ್ಲೇ ನಿಂತಿತ್ತು. ದುಬಾರಿಯಾಯಿತು ಎನ್ನುವುದು ನಿಜ, ಆದರೆ ದುಬಾರಿಯಾದದ್ದೆಲ್ಲ ಕಳಪೆಯಾಗಿದೆ ಎಂದು ಹೇಳಲಾಗದು. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಆ ಟಿಕೆಟ್ ಕೊಂಡವನಿಗೆ ಒಳಗೆ ಏನು ಸಿಗುತ್ತದೆ?

ನಿಜವಾದ ಕುಸಿತ ಇರುವುದು ಇಲ್ಲಿ ಎಂದು ನನ್ನ ಖಚಿತ ಅಭಿಪ್ರಾಯ. ಆರಂಭದಲ್ಲಿ ಡಿಸ್ನಿಲ್ಯಾಂಡ್‌ನಲ್ಲಿ ಪ್ರವೇಶಕ್ಕೆ ಒಂದು ಹಣ, ಪ್ರತಿ ಸವಾರಿಗೆ ಬೇರೆ ಹಣ ಕೊಡಬೇಕಿತ್ತು. 1955ರ ಅಕ್ಟೋಬರ್‌ನಿಂದ ಟಿಕೆಟ್ ಪುಸ್ತಕಗಳು ಬಂದವು. ಸವಾರಿಗಳನ್ನು ಎ, ಬಿ, ಸಿ ಎಂದು ದರ್ಜೆಗಳಾಗಿ ವಿಂಗಡಿಸಿದರು, 1959ರಲ್ಲಿ ಎಲ್ಲಕ್ಕಿಂತ ಮೇಲಿನ ಇ ಟಿಕೆಟ್ ಬಂತು. ಹಾಗಾಗಿ ಹಳೆಯ ಕಾಲದಲ್ಲಿ ಹಣದ ಮಾತೇ ಇರಲಿಲ್ಲ ಎನ್ನುವವರು ತಪ್ಪು ತಿಳಿದಿದ್ದಾರೆ. ಆದರೆ ಒಂದು ಮುಖ್ಯವಾದ ಅಂಶವನ್ನು ಗಮನಿಸಬೇಕು. ಇ ಟಿಕೆಟ್ ಕೈಯಲ್ಲಿದ್ದ ಪ್ರತಿಯೊಬ್ಬರೂ, ಬಡವರಾಗಲಿ ಶ್ರೀಮಂತರಾಗಲಿ, ಒಂದೇ ಸರತಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಎಷ್ಟು ಸವಾರಿ ಮಾಡಬಹುದು ಎಂಬುದನ್ನು ಹಣ ನಿರ್ಧರಿಸುತ್ತಿತ್ತು. ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನಿರ್ಧರಿಸುತ್ತಿರಲಿಲ್ಲ. 1982ರಲ್ಲಿ ಟಿಕೆಟ್ ಪುಸ್ತಕಗಳೂ ಹೋಗಿ, ಬಾಗಿಲಲ್ಲಿ ಒಮ್ಮೆ ಹಣ ಕೊಟ್ಟರೆ ಒಳಗಿನದೆಲ್ಲ ನಿಮ್ಮದೇ ಎಂಬ ಪದ್ಧತಿ ಬಂತು. ಇಂದು ಡಿಸ್ನಿಲ್ಯಾಂಡನ್ನು ನೆನೆದು ಹಂಬಲಿಸುವವರಲ್ಲಿ ಹೆಚ್ಚಿನವರು ಬೆಳೆದದ್ದು ಈ ಪದ್ಧತಿಯಲ್ಲಿ.

1999ರಲ್ಲಿ ಫಾಸ್ಟ್‌ಪಾಸ್ ಬಂದಾಗ ಮೊದಲ ಬಾರಿಗೆ ಸಾಲು ಎರಡಾಯಿತು. ಯಂತ್ರದಿಂದ ಒಂದು ಚೀಟಿ ಪಡೆದು, ಅದರಲ್ಲಿ ನಮೂದಾದ ವೇಳೆಗೆ ಬಂದರೆ ಚಿಕ್ಕ ಸಾಲಿನಲ್ಲಿ ಹೋಗಬಹುದಾಗಿತ್ತು. ಪ್ರವೇಶ ಟಿಕೆಟ್ ಇದ್ದ ಎಲ್ಲರಿಗೂ ಅದು ಉಚಿತವಾಗಿತ್ತು. 2017ರಲ್ಲಿ ಅದನ್ನೇ ಫೋನಿನಲ್ಲಿ ಪಡೆಯಲು ಹತ್ತು ಡಾಲರ್ ಎಂದಾಯಿತು. ಉದ್ಯಾನ ಮತ್ತೆ ತೆರೆದ ಮೇಲೆ ಉಚಿತ ಚೀಟಿ ಮರಳಲೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ದಿನಕ್ಕೆ 20 ಡಾಲರ್‌ನ ಜೀನಿ ಪ್ಲಸ್ ಬಂತು, ಕೆಲವು ಸವಾರಿಗಳಿಗೆ ಅದರ ಹೊರತಾಗಿ ಬಿಡಿಬಿಡಿಯಾಗಿ ಹಣ ಕೊಡಬೇಕಾಯಿತು. 2024ರಲ್ಲಿ ಅದರ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂದು ಬದಲಾಯಿತು. ಅದೇ ವರ್ಷದ ಕೊನೆಗೆ ಪ್ರೀಮಿಯರ್ ಪಾಸ್ ಎಂಬುದೂ ಸೇರಿ, ಪ್ರವೇಶ ಟಿಕೆಟ್‌ನ ಮೇಲೆ ಒಬ್ಬರಿಗೆ ದಿನಕ್ಕೆ 300ರಿಂದ 400 ಡಾಲರ್ ಕೊಡಬಲ್ಲವರು ವೇಳೆಯ ಕಟ್ಟುಪಾಡೂ ಇಲ್ಲದೆ ಮುಂದೆ ಸಾಗುವಂತಾಯಿತು. ಸಾಲಿನ ತುದಿಗೆ ಹೋಗುವ ಹಕ್ಕಿನ ಬೆಲೆ ಉದ್ಯಾನದೊಳಗೆ ಕಾಲಿಡುವ ಹಕ್ಕಿನ ಬೆಲೆಯನ್ನು ಮೀರಿತು.

ಇಷ್ಟವಿದ್ದವರು ಕೊಳ್ಳಲಿ, ಬೇಡದವರು ಬಿಡಲಿ, ಇದರಲ್ಲಿ ಮೂರನೆಯವರಿಗೇನು ನಷ್ಟ ಎಂದು ಕೆಲವರು ವಾದಿಸುತ್ತಾರೆ. ಈ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ, ಆದರೆ ಸವಾರಿ ನಡೆಯುವ ರೀತಿಯನ್ನು ಅದು ಮರೆಯುತ್ತದೆ. ಯಾವುದೇ ಸವಾರಿ ಗಂಟೆಗೆ ಇಂತಿಷ್ಟೇ ಜನರನ್ನು ಹತ್ತಿಸಿಕೊಳ್ಳಬಲ್ಲದು. ಕೆರೆಯ ತೂಬಿನಿಂದ ಹೊರಬೀಳುವ ನೀರು ಅಷ್ಟೇ ಇರುವಾಗ ಒಂದು ಕಾಲುವೆಗೆ ಹೆಚ್ಚು ಬಿಟ್ಟರೆ ಇನ್ನೊಂದು ಕಾಲುವೆ ಸೊರಗಲೇಬೇಕು. ಗಂಟೆಗೆ 1,500 ಜನರನ್ನು ಒಯ್ಯುವ ಸವಾರಿ ಇದೆ ಎಂದು ಉದಾಹರಣೆಗೆ ಹಿಡಿಯೋಣ. ನಿಮ್ಮ ಮುಂದೆ 750 ಮಂದಿ ನಿಂತಿದ್ದಾರೆ. ಸಾಲು ಒಂದೇ ಆಗಿದ್ದರೆ ಅರ್ಧ ಗಂಟೆಯಲ್ಲಿ ನಿಮ್ಮ ಸರದಿ ಬರುತ್ತದೆ. ಅದೇ ಸವಾರಿಯ ಸಾವಿರ ಜಾಗಗಳನ್ನು ಪ್ರತಿ ಗಂಟೆಯೂ ಹಣ ಕೊಟ್ಟವರ ಸಾಲಿಗೆ ಮೀಸಲಿಟ್ಟರೆ, ಅಷ್ಟೇ ಜನ ಮುಂದಿದ್ದರೂ ನೀವು ಒಂದೂವರೆ ಗಂಟೆ ನಿಲ್ಲಬೇಕು. ಕಾಯುವಿಕೆ ಎಲ್ಲಿಯೂ ಕರಗಿಹೋಗಲಿಲ್ಲ. ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಬಂತು, ಆ ವರ್ಗಾವಣೆಗೆ ಸಂಸ್ಥೆ ಹಣ ಪಡೆಯಿತು. ಇದಕ್ಕಿಂತ ಚಿಂತೆಯ ವಿಷಯವೆಂದರೆ, ಸಾಮಾನ್ಯ ಸಾಲು ಬೇಗ ಸಾಗಿದರೆ ಈ ಪಾಸನ್ನು ಕೊಳ್ಳಲು ಯಾರಿಗೂ ಕಾರಣವಿರುವುದಿಲ್ಲ. ಕಾಯುವಿಕೆಯನ್ನು ಕಡಿಮೆ ಮಾಡುವುದರಲ್ಲಿ ಹಿಂದೆ ಉದ್ಯಾನಕ್ಕಿದ್ದ ಸ್ವಂತ ಹಿತಾಸಕ್ತಿಯನ್ನು ಈ ವ್ಯವಸ್ಥೆ ತಲೆಕೆಳಗು ಮಾಡಿದೆ.

ಇದರ ಜೊತೆಗೆ ಬಂದದ್ದು ಫೋನಿನ ಹೊರೆ. ಟಿಕೆಟ್ ಇದ್ದರೆ ಸಾಲದು, ಆ ದಿನಕ್ಕೆ ಮುಂಗಡ ಕಾಯ್ದಿರಿಸುವಿಕೆಯೂ ಬೇಕು ಎಂಬ ನಿಯಮ 2021ರಲ್ಲಿ ಬಂತು. ಒಳಗೆ ಹೋದ ಮೇಲೂ ಯಾವ ಸವಾರಿಗೆ ಯಾವ ವೇಳೆ ಸಿಗುತ್ತದೆ, ಊಟವನ್ನು ಯಾವಾಗ ಹೇಳಬೇಕು ಎಂದು ತಲೆ ತಗ್ಗಿಸಿ ಆ್ಯಪ್ ನೋಡುತ್ತಿರಬೇಕು. ಮಗುವಿನ ಕೈ ಹಿಡಿದು, ಸಂಗೀತ ಕೇಳಿಬಂದ ಕಡೆಗೆ ಸುಮ್ಮನೆ ತಿರುಗಿ, ಎದುರಿಗೆ ಕಂಡದ್ದನ್ನು ನೋಡುತ್ತ ನಡೆಯುವ ಸುಖವೇ ಈ ಉದ್ಯಾನದ ಮೂಲ ಕಲ್ಪನೆಯಾಗಿತ್ತು. ದಾರಿಗಳ ತಿರುವು, ದೂರದಿಂದ ಕರೆಯುವ ಕೋಟೆಯ ಗೋಪುರ, ಎಲ್ಲವನ್ನೂ ವಿನ್ಯಾಸಗೊಳಿಸಿದ್ದು ಅದಕ್ಕಾಗಿಯೇ. ಕಟ್ಟಡಗಳು ಹಾಗೆಯೇ ನಿಂತಿವೆ, ಆದರೆ ಅವನ್ನು ನೋಡುವ ಬಿಡುವನ್ನು ಸಂದರ್ಶಕರಿಂದ ಕಿತ್ತುಕೊಳ್ಳಲಾಗಿದೆ. ಫೋನಿನ ಬಳಕೆಯಲ್ಲಿ ಪಳಗದ ಹಿರಿಯರಿಗೆ, ದೂರದ ದೇಶದಿಂದ ಜೀವಮಾನದಲ್ಲಿ ಒಮ್ಮೆ ಬರುವ ಕುಟುಂಬಗಳಿಗೆ ಇದು ಎಷ್ಟು ಕಷ್ಟ ಎಂಬುದು ಅಲ್ಲಿ ಅರ್ಧ ದಿನ ನಿಂತು ನೋಡಿದವರಿಗೆಲ್ಲ ತಿಳಿಯುತ್ತದೆ.

ಸಾಲುಗಳು ಬೆಳೆದದ್ದಕ್ಕೆ ಇನ್ನೊಂದು ಕಾರಣವಿದ್ದು, ಅದರ ಬಗ್ಗೆ ಮಾತು ಕಡಿಮೆ. ಪೈರೇಟ್ಸ್ ಮತ್ತು ಹಾಂಟೆಡ್ ಮ್ಯಾನ್ಶನ್‌ಗಳನ್ನು ಕಟ್ಟಿದವರು ಎಡೆಬಿಡದೆ ಸಾಗುವ ದೋಣಿಗಳನ್ನೂ ನಿಲ್ಲದೆ ಚಲಿಸುವ ಆಸನಗಳನ್ನೂ ಬಳಸಿ ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸಾಗಿಸುವಂತೆ ಮಾಡಿದರು. ಅರ್ಧ ಶತಮಾನ ಕಳೆದರೂ ಅಲ್ಲಿನ ಸಾಲು ಸಾಗುತ್ತಲೇ ಇರುತ್ತದೆ. ಉದ್ಯಾನದ ಟುಮಾರೋಲ್ಯಾಂಡ್ ಎಂಬ ಭಾಗದ ಮೇಲೆ ನಿಧಾನವಾಗಿ ಸುತ್ತುತ್ತಿದ್ದ ಪೀಪಲ್‌ಮೂವರ್ ಕೂಡ ಅಂಥದ್ದೇ. ಯಾವ ರೋಮಾಂಚನವೂ ಇಲ್ಲದ, ಆದರೆ ದಣಿದ ಕಾಲುಗಳಿಗೆ ವಿಶ್ರಾಂತಿ ಕೊಡುತ್ತ ಸಾವಿರಾರು ಜನರನ್ನು ಸಾಲುಗಳಿಂದ ದೂರ ಇಡುತ್ತಿದ್ದ ಸವಾರಿ. ಅದನ್ನು 1995ರಲ್ಲಿ ಮುಚ್ಚಿದರು. ಅದೇ ಹಳಿಯ ಮೇಲೆ 1998ರಲ್ಲಿ ತಂದ ವೇಗದ ರಾಕೆಟ್ ರಾಡ್ಸ್ ಮತ್ತೆ ಮತ್ತೆ ಕೆಟ್ಟು, 2000ದಲ್ಲಿ ನಿಂತೇಹೋಯಿತು. ಹಳಿ ಮಾತ್ರ ಅಲ್ಲಿಯೇ ಇದೆ, ಖಾಲಿಯಾಗಿ, ಇಪ್ಪತ್ತೈದು ವರ್ಷಗಳಿಂದ. ಉದ್ಯಾನದ ಗುಣಮಟ್ಟ ಕುಸಿದಿದೆ ಎನ್ನುವವರು ಯಾವುದಾದರೂ ಒಂದು ವಸ್ತುವಿನತ್ತ ಬೆರಳು ತೋರಿಸಬೇಕೆಂದಿದ್ದರೆ ನಾನು ಸೂಚಿಸುವುದು ಅದನ್ನೇ.

ಇಷ್ಟೆಲ್ಲ ಕೊರತೆಗಳಿದ್ದರೆ ಜನ ಏಕೆ ಹೋಗುತ್ತಿದ್ದಾರೆ ಎಂಬ ಮಾತೂ ಬರುತ್ತದೆ. ಉದ್ಯಮದವರ ಅಂದಾಜಿನಂತೆ 2019ರಲ್ಲಿ ಸುಮಾರು 1.87 ಕೋಟಿ, 2023ರಲ್ಲಿ ಸುಮಾರು 1.72 ಕೋಟಿ ಜನ ಡಿಸ್ನಿಲ್ಯಾಂಡ್‌ಗೆ ಭೇಟಿ ಕೊಟ್ಟಿದ್ದಾರೆ. ಈ ಸಂಖ್ಯೆ ಜನರಿಗಿರುವ ಪ್ರೀತಿಯನ್ನು ತೋರಿಸುತ್ತದೆಯೇ ಹೊರತು ಅವರಿಗೆ ಸಿಕ್ಕ ದಿನ ಹೇಗಿತ್ತು ಎಂಬುದನ್ನಲ್ಲ. 1998ರಲ್ಲಿಯೂ 2003ರಲ್ಲಿಯೂ ಉದ್ಯಾನ ಜನರಿಂದ ತುಂಬಿಯೇ ಇತ್ತು.

2024ರ ಮೇ ತಿಂಗಳಲ್ಲಿ ಅನಹೈಮ್ ನಗರಸಭೆ ಡಿಸ್ನಿಲ್ಯಾಂಡ್‌ಫಾರ್ವರ್ಡ್ ಎಂಬ ವಿಸ್ತರಣಾ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು, ಅದರಂತೆ ಸಂಸ್ಥೆ ಹತ್ತು ವರ್ಷಗಳಲ್ಲಿ ಕನಿಷ್ಠ 190 ಕೋಟಿ ಡಾಲರ್ ಹೂಡಬೇಕಾಗಿದೆ. ಈ ಹಣದ ಹೆಚ್ಚಿನ ಪಾಲು ಜಾಹೀರಾತಿನಲ್ಲಿ ಮಿಂಚುವ ಒಂದೆರಡು ಸವಾರಿಗಳಿಗೇ ಹೋಗದೆ, ಗಂಟೆಗೆ ಹೆಚ್ಚು ಜನರನ್ನು ಒಯ್ಯುವ ಸಾದಾ ಸವಾರಿಗಳಿಗೂ ಟುಮಾರೋಲ್ಯಾಂಡ್‌ನ ಪುನರುಜ್ಜೀವನಕ್ಕೂ ಸಲ್ಲಲಿ ಎಂಬುದು ನನ್ನ ಆಶಯ. ಪ್ರತಿ ಸವಾರಿಯಲ್ಲಿಯೂ ಗಂಟೆಯ ಜಾಗಗಳಲ್ಲಿ ಎಷ್ಟು ಪಾಲು ಹಣ ಕೊಟ್ಟವರಿಗೆ, ಎಷ್ಟು ಪಾಲು ಸಾಮಾನ್ಯ ಸಾಲಿಗೆ ಎಂಬುದನ್ನು ಸಂಸ್ಥೆ ಬಹಿರಂಗವಾಗಿ ಪ್ರಕಟಿಸಬೇಕು. ಸಾಮಾನ್ಯ ಸಾಲಿಗೆ ಅರ್ಧಕ್ಕಿಂತ ಕಡಿಮೆ ಪಾಲು ಎಂದೂ ಇರಬಾರದು. ಡಿಸ್ನಿಲ್ಯಾಂಡ್ ಬಗ್ಗೆ ದೂರುವವರು ಕಳೆದುಹೋದ ವೈಭವಕ್ಕಾಗಿ ಮರುಗುವ ಬದಲು ಈ ಎರಡು ಬೇಡಿಕೆಗಳನ್ನು ಮುಂದಿಟ್ಟರೆ, 2001ರ ಉದ್ಯಾನವನ್ನು 2012ರಲ್ಲಿ ತಿದ್ದಿಕೊಂಡ ಸಂಸ್ಥೆಗೆ ಅದನ್ನು ಕೇಳಿಸಿಕೊಳ್ಳದೆ ಇರಲು ಸುಲಭವಾಗದು.

ಇತಿ,
ತಮ್ಮ ಓದುಗರಲ್ಲೊಬ್ಬ